ಹತ್ತು ಟ್ರಿಕ್ ಬೇಡ, ಒಂದೇ ಸಾಕು

ಒಂದೇ ತಿಂಗಳಲ್ಲಿ ಹತ್ತು ಇಸ್ಪೀಟ್ ಜಾದೂ ಕಲಿತು ವೇದಿಕೆ ಹತ್ತಬಹುದು ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ರಾಯಚೂರಿನ ಸುತ್ತಮುತ್ತ ಶಾಲೆ, ಮದುವೆಗಳಲ್ಲಿ 11 ವರ್ಷದಿಂದ ಜಾದೂ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ನನ್ನ ಹತ್ತಿರ ಇದ್ದದ್ದು ಒಂದೇ ಟ್ರಿಕ್. ಕಟ್ಟಿನ ಕೆಳಗಿನ ಎಲೆಯನ್ನು ಯಾರಿಗೂ ಗೊತ್ತಾಗದಂತೆ ನೋಡಿಟ್ಟುಕೊಳ್ಳುವುದು. ಪ್ರೇಕ್ಷಕರು ತಾವು ಆರಿಸಿದ ಎಲೆಯನ್ನು ಮೇಲಿಟ್ಟು ಕಟ್ ಮಾಡಿದರೆ, ಅಂದರೆ ಕಟ್ಟನ್ನು ಎರಡು ಭಾಗ ಮಾಡಿ ಕೆಳಗಿನದನ್ನು ಮೇಲಿಟ್ಟರೆ, ಎರಡೂ ಅಕ್ಕಪಕ್ಕ ಬಂದು ಕೂರುತ್ತವೆ. ನಾನು ನೋಡಿಟ್ಟ ಎಲೆಯ ಪಕ್ಕದ್ದೇ ಅವರದ್ದು.

ಕೈಚಳಕ ಅಷ್ಟೇ. ಮನಸ್ಸು ಓದಿದ ಹಾಗೆ ಅನ್ನಿಸುವುದು ಆಮೇಲಿನ ಮಾತಿನಿಂದ. ಎಲೆ ಸಿಕ್ಕ ಕೂಡಲೇ ತೋರಿಸಬೇಡಿ. ಕಟ್ಟನ್ನು ಕೆಳಗಿಡಿ. ‘ಕೆಂಪು, ಅಲ್ವಾ?’ ಅನ್ನಿ. ಸ್ವಲ್ಪ ತಡೆದು ‘ಆಟೀನ್’. ಕೊನೆಗೆ ‘ರಾಣಿ’. ಮಾನ್ವಿ ಹತ್ತಿರದ ಒಂದು ಮದುವೆಯಲ್ಲಿ ಅಜ್ಜಿಯೊಬ್ಬರು ‘ಆಟೀನ್’ ಅನ್ನುತ್ತಿದ್ದ ಹಾಗೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ‘ರಾಣಿ’ ಅಂದಾಗ ನನ್ನ ಕೈ ಹಿಡಿದು, ‘ಯಪ್ಪಾ, ನನ್ನ ಮನಸ್ಸಿನ್ಯಾಗಿಂದು ನಿನಗ್ಹೆಂಗ ಗೊತ್ತಾತು?’ ಅಂದರು. ಹತ್ತು ಟ್ರಿಕ್ ಒಂದರ ಹಿಂದೊಂದು ಮಾಡಿದ್ದರೆ ಆ ಗಳಿಗೆ ಸಿಗುತ್ತಿರಲಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಬೇಸಿಗೆಯಲ್ಲಿ ಕೈ ಬೆವತು ಎಲೆಗಳು ಅಂಟಿಕೊಳ್ಳುತ್ತವೆ. ಜೇಬಲ್ಲಿ ಒಣ ಕರ್ಚೀಫು, ಚೀಲದಲ್ಲಿ ಇನ್ನೊಂದು ಕಟ್ಟು ಇರಲೇಬೇಕು.