ಆ ಹೆಂಗಸಿಗಾಗಿ ದಾರಿಯಲ್ಲೇ ನಿಂತರು

ವರ್ಷಕ್ಕೊಮ್ಮೆ ನಮ್ಮ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ವರದಿ ಓದುತ್ತಾರಲ್ಲ. ಎಷ್ಟು ಮಂದಿಗೆ ದೀಕ್ಷಾಸ್ನಾನವಾಯಿತು, ಎಷ್ಟು ಕೂಟ ನಡೆದವು, ಕಟ್ಟಡ ನಿಧಿಗೆ ಎಷ್ಟು ಬಂತು. ಲೆಕ್ಕ ಬೇಡ ಅನ್ನುತ್ತಿಲ್ಲ, ಕಾಣಿಕೆ ದುಡ್ಡಿಗೆ ಲೆಕ್ಕ ಬೇಕೇ ಬೇಕು. ಆದರೆ ಈಚೆಗೆ ಆ ವರದಿಗೋಸ್ಕರವೇ ಸೇವೆ ನಡೆಯುತ್ತಿದೆಯೇನೋ ಅನ್ನಿಸಿ ಸಂಕಟವಾಗುತ್ತದೆ.

ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ ತೆಗೆದು ನೋಡಿ. ಯಾಯೀರ ಯೆಹೂದ್ಯರ ಸಭಾಮಂದಿರದ ಅಧಿಕಾರಿ, ಊರಿಗೆ ದೊಡ್ಡ ಮನುಷ್ಯ. ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಯೇಸುಸ್ವಾಮಿ ಅವನ ಜೊತೆ ಹೊರಟಿದ್ದಾರೆ. ಅಂಥ ಹೊತ್ತಿನಲ್ಲಿ 12 ವರ್ಷ ರಕ್ತಸ್ರಾವದಿಂದ ಬಳಲಿ, ಇದ್ದಬದ್ದದ್ದನ್ನೆಲ್ಲ ವೈದ್ಯರಿಗೆ ಸುರಿದು ಬರಿಗೈಯಾದ ಹೆಂಗಸು ಹಿಂದಿನಿಂದ ಬಂದು ಉಡುಪು ಮುಟ್ಟುತ್ತಾಳೆ. ಆಗಲೇ ಗುಣವೂ ಆಯಿತು. ಕೆಲಸ ಮುಗಿಯಿತೆಂದು ಮುಂದೆ ನಡೆಯಬಹುದಿತ್ತು. ಸ್ವಾಮಿ ನಿಂತರು, ಮುಟ್ಟಿದವರು ಯಾರೆಂದು ಕೇಳಿದರು. ಇಷ್ಟು ನೂಕುನುಗ್ಗಲಲ್ಲಿ ಇದೆಂಥ ಪ್ರಶ್ನೆ ಅಂದರು ಶಿಷ್ಯರು. ಅವಳು ನಡುಗುತ್ತಾ ಬಂದು ನಡೆದದ್ದನ್ನೆಲ್ಲ ಹೇಳಿಕೊಂಡಳು. ಪೂರ್ತಿ ಕೇಳಿಸಿಕೊಂಡು ‘ಮಗಳೇ’ ಅಂದರು. ಅವರು ಮಾತಾಡುತ್ತಿರುವಾಗಲೇ ಯಾಯೀರನ ಹುಡುಗಿ ತೀರಿಹೋದ ಸುದ್ದಿ ಬಂತು! ಆ ಮನೆಗೂ ಹೋದರು, ಹುಡುಗಿಯನ್ನು ಎಬ್ಬಿಸಿದರು. ಆಮೇಲೆ ಹೇಳಿದ್ದೇನು? ಇದನ್ನು ಯಾರಿಗೂ ತಿಳಿಸಬೇಡಿ, ಮಗುವಿಗೆ ಊಟ ಕೊಡಿ. ನಾವಾಗಿದ್ದರೆ ಅಷ್ಟರಲ್ಲಿ ಬ್ಯಾನರ್ ಕಟ್ಟಿಸಿರುತ್ತಿದ್ದೆವು.

ಒಂದು ಸಭೆಯಲ್ಲಿ ಹೊಸ ಹಾಲ್‌ಗೆ ಅಸ್ತಿವಾರ ಹಾಕುವ ದಿನ ನೋಡಿದ್ದು ಇನ್ನೂ ಕೊರೆಯುತ್ತಿದೆ. ವೆಸ್ಟ್ರಿ, ಅಂದರೆ ಪಾದ್ರಿ ಅಯ್ಯನವರ ಕೋಣೆಯ ಬಾಗಿಲಲ್ಲಿ ಒಬ್ಬ ಅಜ್ಜಿ ಸ್ಕ್ಯಾನಿಂಗ್ ರಿಪೋರ್ಟಿನ ಕವರನ್ನು ಎದೆಗೊತ್ತಿಕೊಂಡು ನಿಂತಿದ್ದರು. ‘ಅಯ್ಯನೋರು ಒಂದು ಪ್ರಾರ್ಥನೆ ಮಾಡ್ಲಿ ಅಂತ ಬಂದೆ ಕಣಪ್ಪಾ.’ ‘ಇವತ್ತು ಗೆಸ್ಟ್ ಬಂದಿದಾರೆ ಅಜ್ಜಿ, ಬುಧವಾರ ಬನ್ನಿ’ ಅಂದರು ಕಮಿಟಿಯವರು. ಗದರಲಿಲ್ಲ, ಮರ್ಯಾದೆಯಿಂದಲೇ ಹೇಳಿದರು. ಅಜ್ಜಿ ಕವರ್ ಮಡಚಿಕೊಂಡು ಹೊರಟರು.

ಅಯ್ಯನವರನ್ನಷ್ಟೇ ದೂರಿ ಏನು ಬಂತು? ಅವರು ವರ್ಗವಾಗಿ ಬಂದ ತಿಂಗಳೊಳಗೆ ‘ಹಿಂದಿನವರು ಹಾಲ್ ಕಟ್ಟಿಸಿದ್ರು, ಇವರೇನು ಮಾಡ್ತಾರೋ’ ಅನ್ನುವವರು ನಾವೇ. ಆಸ್ಪತ್ರೆಯಲ್ಲಿ ಒಬ್ಬ ರೋಗಿಯ ಪಕ್ಕ ಅರ್ಧ ದಿನ ಕೂತು ಬಂದರೆ ಅದನ್ನು ಯಾರು ಕೆಲಸವೆಂದು ಎಣಿಸುತ್ತಾರೆ?

ಮಂಗಳೂರಿನ ಫಾದರ್ ಮುಲ್ಲರ್ ಅವರನ್ನೇ ನೆನೆಯಿರಿ. 1878ರಲ್ಲಿ ಬಂದ, ಜೆಸುಯಿಟ್ ಎಂಬ ಕ್ಯಾಥೊಲಿಕ್ ಸಂಘದ ಆ ಗುರುಗಳಿಗೆ ಒಪ್ಪಿಸಿದ್ದು ಪಾಠ ಹೇಳುವ ಕೆಲಸ. ಕೈಯಲ್ಲಿ ಒಂದಿಷ್ಟು ಹೋಮಿಯೋಪತಿ ಔಷಧಿ ಇತ್ತು, ಕಾಯಿಲೆಯವರು ಬಾಗಿಲಿಗೆ ಬಂದರು. ಬಂದವರನ್ನು ಅವರು ಕಳಿಸಿಬಿಡಲಿಲ್ಲ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ, 1902ರಲ್ಲಿ ಪ್ಲೇಗ್ ಬಿದ್ದವರಿಗೆ ಆಸ್ಪತ್ರೆ. ಕಂಕನಾಡಿಯಲ್ಲಿ ಈಗ ಕಾಣುವ ದೊಡ್ಡ ಆಸ್ಪತ್ರೆ ಆಮೇಲಿನ ಮಾತು.

ಕಮಿಟಿಯಲ್ಲಿರುವ ಅಣ್ಣಂದಿರಿಗೆ, ಅಕ್ಕಂದಿರಿಗೆ ನನ್ನದೊಂದು ಬೇಡಿಕೆ. ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಗಂಟೆ ಅಯ್ಯನವರಿಗೆ ಯಾವ ಮೀಟಿಂಗೂ ಇಡಬೇಡಿ, ಯಾವ ಫೋಟೋಗೂ ಕರೆಯಬೇಡಿ. ವೆಸ್ಟ್ರಿ ಹೊರಗೆ ನಾಲ್ಕು ಕುರ್ಚಿ ಹಾಕಿಸಿ, ಕುಡಿಯಲು ನೀರಿಡಿ. ಬಂದವರು ಹೇಳಿ ಮುಗಿಸುವ ತನಕ ಅವರು ಕೂತು ಕೇಳಲಿ.