ಶ್ರೀಲಂಕಾಗೆ ಹೋದ್ರೆ ಕೆರೆ ನೋಡ್ಕೊಂಡ್ ಬನ್ನಿ

ನಮ್ಮ ಕಡೆಯವರ ಶ್ರೀಲಂಕಾ ಪ್ಯಾಕೇಜುಗಳನ್ನ ನೋಡಿ, ಎಲ್ಲಾದ್ರಲ್ಲೂ ಅದೇ ಲಿಸ್ಟು. ಕ್ಯಾಂಡಿಲಿ ಬುದ್ಧನ ದಂತದ ದೇವಸ್ಥಾನ, ನುವರ ಎಳಿಯದಲ್ಲಿ ಟೀ ಫ್ಯಾಕ್ಟರಿ, ಅಲ್ಲೇ ಪಕ್ಕದಲ್ಲಿ ಸೀತಮ್ಮನ ಗುಡಿ, ಆಮೇಲೆ ನೈನ್ ಆರ್ಚ್ ಬ್ರಿಡ್ಜ್ ಮೇಲೆ ರೈಲು ಬರೋವರೆಗೂ ಕಾದು ಒಂದು ರೀಲ್ಸು, ಕೊನೆಗೆ ಬೀಚು. ಮಧ್ಯೆ ಅರ್ಧ ದಿನ ಸಿಗಿರಿಯದ ಬಂಡೆ ಕೋಟೆ ತುರುಕಿರ್ತಾರೆ. ಇದ್ಯಾವುದೂ ಕೆಟ್ಟ ಜಾಗ ಅಂತ ಹೇಳ್ತಿಲ್ಲ, ನಾವೂ ಅಮ್ಮನ್ನ ಕರ್ಕೊಂಡು ಸೀತಮ್ಮನ ಗುಡಿಗೆ ಹೋದ್ವಿ, ಅಮ್ಮ ಅಲ್ಲಿಂದ ಏಳಲೇ ಇಲ್ಲ. ಆದ್ರೆ ನನ್ನ ಕೇಳಿದ್ರೆ ಆ ದ್ವೀಪದ ನಿಜವಾದ ತಾಕತ್ತು ಇರೋದು ಬೆಟ್ಟದಲ್ಲೂ ಅಲ್ಲ, ಬೀಚಲ್ಲೂ ಅಲ್ಲ, ಉತ್ತರದ ಒಣ ಬಯಲಲ್ಲಿ, ಅಲ್ಲಿನ ಕೆರೆಗಳಲ್ಲಿ, ಟೂರಿಸ್ಟ್ ವ್ಯಾನುಗಳು ಎಸಿ ಹಾಕ್ಕೊಂಡು ಪಕ್ಕದಲ್ಲೇ ಸುಯ್ಯಂತ ದಾಟಿಹೋಗೋ ಕೆರೆಗಳಲ್ಲಿ.

ಸಿಗಿರಿಯಾನೇ ತಗೊಳ್ಳಿ. ಎಲ್ರೂ ಮೆಟ್ಲು ಹತ್ತಿ ಗೋಡೆ ಮೇಲಿನ ಅಪ್ಸರೆಯರ ಚಿತ್ರ ನೋಡಿ, ಸಿಂಹದ ಪಂಜದ ಹತ್ರ ಸೆಲ್ಫಿ ತಗೊಂಡು, ಏದುಸಿರು ಬಿಡ್ತಾ ಇಳಿದು ಹೋಗ್ತಾರೆ. ಬಂಡೆ ಕೆಳಗಿರೋ ನೀರಿನ ತೋಟದಲ್ಲಿ ಐದನೇ ಶತಮಾನದ ಕಾರಂಜಿಗಳಿವೆ, ಮಳೆಗಾಲದಲ್ಲಿ ಈಗಲೂ ಚಿಮ್ಮತ್ತೆ, ಪಂಪು ಇಲ್ಲ ಮೋಟರು ಇಲ್ಲ, ಬರೀ ನೀರಿನ ಒತ್ತಡ. ಅದರ ಮುಂದೆ ನಿಲ್ಲೋರು ಕಮ್ಮಿ.

ಆ ಕೋಟೆ ಕಟ್ಟಿದ ಕಾಶ್ಯಪನ ಅಪ್ಪ ಧಾತುಸೇನ ರಾಜ. ಮಗ ಅಪ್ಪನ್ನ ಹಿಡಿದುಹಾಕಿ, ಬಚ್ಚಿಟ್ಟ ನಿಧಿ ಎಲ್ಲಿದೆ ತೋರ್ಸು ಅಂತ ಪೀಡಿಸಿದನಂತೆ. ಮುದುಕ ಮಗನ ಆಳುಗಳ ಜೊತೆ, ತಾನೇ ಕಟ್ಟಿಸಿದ್ದ ಕಾಲಾವೆವ ಅನ್ನೋ ಕೆರೆಗೆ ಬಂದು, ನೀರಲ್ಲಿ ಮುಳುಗು ಹಾಕಿ, ಬೊಗಸೇಲಿ ನೀರು ಎತ್ತಿ ತೋರಿಸಿ, ನನ್ನ ಆಸ್ತಿ ಅಂದ್ರೆ ಇಷ್ಟೇ ಕಣಪ್ಪ ಅಂದನಂತೆ. ಮಗ ಸಿಟ್ಟಿಗೆದ್ದು ಅವನನ್ನ ಜೀವಂತ ಗೋಡೆಗೆ ಹಾಕಿ ಕಟ್ಟಿಸಿಬಿಟ್ಟ. ಅಲ್ಲಿನ ರಾಜರ ಹಳೇ ಚರಿತ್ರೆ ಚೂಳವಂಶದಲ್ಲಿರೋ ಕತೆ ಇದು, ಎಷ್ಟು ನಿಜವೋ ಬಿಡಿ. ಆದ್ರೆ ಕೆರೆ ನಿಜ. ಕೊಂದ ಮಗನ ಬಂಡೆ ನೋಡೋಕೆ ಜನ ಡಾಲರಲ್ಲಿ ಟಿಕೆಟ್ ತಗೊಂಡು ಕ್ಯೂ ನಿಲ್ತಾರೆ, ಅಪ್ಪನ ಕೆರೆ ಏರಿ ಮೇಲೆ ಟೂರಿಸ್ಟು ಅಂದ್ರೆ ನಾವೇ.

ಸಿಗಿರಿಯ ಹತ್ರದ ದಂಬುಳ್ಳ ಊರಿಂದ ಕಾಲಾವೆವ ದೂರ ಏನಿಲ್ಲ. ಏರಿ ಮೇಲೇ ರಸ್ತೆ, ಒಂದು ಕಡೆ ಕಣ್ಣು ಹಾಯೋವರೆಗೂ ನೀರು, ಇನ್ನೊಂದು ಕಡೆ ಗದ್ದೆ. ಹತ್ತಿರದಲ್ಲೇ ಅವುಕನದ ಬುದ್ಧ, ಒಂದೇ ಬಂಡೇಲಿ ಕೆತ್ತಿದ ಹನ್ನೆರಡು ಮೀಟರಿಗೂ ಎತ್ತರದ ನಿಂತ ವಿಗ್ರಹ, ಅದೂ ಧಾತುಸೇನನ ಕಾಲದ್ದೇ ಅಂತಾರೆ. ಆದ್ರೆ ನಾನು ಬಾಯಿಬಿಟ್ಟಿದ್ದು ಅಲ್ಲಿನ ಕಾಲುವೆ ನೋಡಿ. ಈ ಕೆರೆಯಿಂದ ಹಳೇ ರಾಜಧಾನಿ ಅನುರಾಧಪುರದ ತಿಸ್ಸ ಕೆರೆಗೆ ನೀರು ಒಯ್ಯೋ ಯೋಧ ಎಳ, ಸುಮಾರು 87 ಕಿಲೋಮೀಟರ್ ಉದ್ದ. ಅದರ ಮೊದಲ ಭಾಗದಲ್ಲಿ ಇಳಿಜಾರು ಕಿಲೋಮೀಟರಿಗೆ ಹತ್ತು ಸೆಂಟಿಮೀಟರ್ ಅಷ್ಟೇ! ನನ್ನ ಹೆಂಡತಿ ಸಿವಿಲ್ ಇಂಜಿನಿಯರ್ರು, ಇದನ್ನ ಕೇಳಿ ಸುಮ್ಮನೆ ಕಾಲುವೆ ನೋಡ್ತಾ ನಿಂತುಬಿಟ್ಲು, ಆಮೇಲೆ ನಮ್ಮ ಏರಿಯಾದ ಚರಂಡಿ ಕಾಂಟ್ರಾಕ್ಟರನ್ನ ನೆನೆಸಿಕೊಂಡು ಬೈದಳು.

ದೊಡ್ಡ ಕೆರೆ ಬಿಡಿ, ಸಣ್ಣವು ಇನ್ನೂ ಚೆಂದ. ಒಂದರ ಕೋಡಿ ನೀರು ಕೆಳಗಿನ ಇನ್ನೊಂದಕ್ಕೆ, ಅದರದ್ದು ಮತ್ತೊಂದಕ್ಕೆ, ಸರಪಳಿ ಕೆರೆಗಳು, ಅಲ್ಲಿ ಎಲ್ಲಂಗಾವ ಅಂತಾರೆ. ಕೋಲಾರ ತುಮಕೂರು ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಆದ್ರೆ ಅವರು ಕೆರೆಗೆ ನೀರು ಬರೋ ಕಡೆ ಮರಗಳ ಸಾಲು ಬಿಟ್ಟಿರ್ತಾರೆ, ಹೂಳು ತಡೆಯೋಕೆ ಹುಲ್ಲಿನ ಪಟ್ಟಿ, ಏರಿ ಕೆಳಗೆ ಗದ್ದೆಗೆ ಉಪ್ಪಿನಂಶ ಹೋಗದ ಹಾಗೆ ಮತ್ತೊಂದು ಗಿಡಮರದ ಪಟ್ಟಿ, ಮೇಲ್ಗಡೆ ಕಾಡಲ್ಲಿ ಕಾಡುಪ್ರಾಣಿಗಳು ಕುಡಿಯೋಕೇ ಅಂತ ಪುಟ್ಟ ಕೆರೆ. ದೊಡ್ಡ ಕೆರೆಗಳಲ್ಲಿ ತೂಬಿನ ಹತ್ರ ಕಲ್ಲಿನ ಚೌಕ ಗುಂಡಿ ಕಟ್ಟಿರ್ತಾರೆ, ಬಿಸೋಕೊಟುವ ಅಂತ, ನೀರು ಅದರೊಳಗೆ ಬಂದು ರಭಸ ಕಳ್ಕೊಂಡು ಆಮೇಲೆ ಕಾಲುವೆಗೆ ಹೋಗತ್ತೆ, ಇಲ್ಲಾಂದ್ರೆ ಅಷ್ಟು ದೊಡ್ಡ ಕೆರೆ ನೀರಿನ ಒತ್ತಡಕ್ಕೆ ತೂಬೇ ಕಿತ್ಕೊಂಡು ಹೋಗೋದು. ಸಾವಿರಾರು ವರ್ಷದ ಹಿಂದಿನ ಐಡಿಯಾ ಇದು.

ಇನ್ನೊಂದು ಹಳೇ ರಾಜಧಾನಿ ಪೊಲೊನ್ನರುವದಲ್ಲಿ ಗಲ್ ವಿಹಾರದ ಮಲಗಿದ ಬುದ್ಧ ನೋಡಲೇಬೇಕು, ಅದರ ಬಗ್ಗೆ ಎಲ್ರೂ ಬರೆದಿದಾರೆ. ಅದನ್ನ ಮಾಡಿಸಿದ ಪರಾಕ್ರಮಬಾಹು ರಾಜನೇ 12ನೇ ಶತಮಾನದಲ್ಲಿ ಪರಾಕ್ರಮ ಸಮುದ್ರ ಅನ್ನೋ ಕೆರೇನ ಈ ರೂಪಕ್ಕೆ ತಂದಿದ್ದು, ಏರಿ ಹತ್ತಿರಹತ್ತಿರ 14 ಕಿಲೋಮೀಟರ್. ಮಳೆ ನೀರು ಒಂದು ಹನೀನೂ ಜನಕ್ಕೆ ಉಪಯೋಗ ಆಗ್ದೆ ಸಮುದ್ರ ಸೇರಬಾರ್ದು ಅನ್ನೋ ಮಾತು ಅವನದ್ದೇ ಅಂತ ಹೇಳ್ತಾರೆ. ಮಿನ್ನೇರಿಯ ಕೆರೆ ಅದಕ್ಕೂ ಹಳೇದು, ಮೂರನೇ ಶತಮಾನದ ಮಹಾಸೇನ ಕಟ್ಟಿಸಿದ್ದು, ಅಲ್ಲಿನ ರೈತರು ಆ ರಾಜನ್ನೇ ದೇವರು ಮಾಡ್ಕೊಂಡು ಪೂಜೆ ಮಾಡ್ತಾರೆ. ಅಲ್ಲಿ ಮಳೆ ಇಲ್ಲದ ತಿಂಗಳುಗಳಲ್ಲಿ ನೀರು ಇಳಿದು ಹುಲ್ಲು ಹುಟ್ಟಿದಾಗ ನೂರಾರು ಆನೆ ಅಲ್ಲಿಗೇ ಬರತ್ತೆ. ಸಫಾರಿ ಜೀಪುಗಳೂ ಅಷ್ಟೇ ಬರತ್ತೆ, ಅದೊಂದು ಕರ್ಮ.

ಇದನ್ನೆಲ್ಲ ಓದಿ ಅಲ್ಲಿ ಸ್ವರ್ಗ ಇತ್ತು ಅಂದ್ಕೋಬೇಡಿ. ರಾಜನಿಗೆ ಬಿಟ್ಟಿ ಚಾಕರಿ ಮಾಡೋ ಪದ್ಧತಿ ಇತ್ತು, ಎಷ್ಟು ಜನದ ಬೆನ್ನು ಮುರೀತೋ ಲೆಕ್ಕ ಇಟ್ಟೋರಿಲ್ಲ. 13ನೇ ಶತಮಾನದ ನಂತರ ರಾಜಧಾನಿಗಳು ದಕ್ಷಿಣಕ್ಕೆ ಹೋದ್ಮೇಲೆ ಇಲ್ಲಿನ ಎಷ್ಟೋ ಕೆರೆ ಕಾಡು ಸೇರಿತ್ತು, ಮಲೇರಿಯ ಬೇರೆ. ತ್ರಿಂಕೋಮಲಿಗೆ ಕೋಣೇಶ್ವರ ನೋಡೋಕೆ ಹೋಗೋ ದಾರೀಲಿ ಕಂತಲೆ ಕೆರೆ ಸಿಗತ್ತೆ, 1986ರಲ್ಲಿ ಅದರ ಏರಿ ಒಡೆದು ನೂರಕ್ಕೂ ಹೆಚ್ಚು ಜನ ಸತ್ರು. ಹಳೇ ಕೆರೆ ಅಂದ್ರೆ ದಿನಾ ಕಣ್ಣಿಟ್ಟು ಕಾಯಬೇಕಾದ್ದು, ನಮ್ಮಲ್ಲಿ ನೀರುಗಂಟಿ ಇದ್ದಂಗೆ ಅಲ್ಲೂ ವೆಲ್ ವಿದಾನೆ ಅಂತ ಒಬ್ಬ ಇರ್ತಿದ್ದ.

ಈಗ ಯಾರಾದ್ರೂ ಕಮೆಂಟಲ್ಲಿ ಕೇಳೇ ಕೇಳ್ತೀರ, ಕೆರೆ ನೋಡೋಕೆ ಫ್ಲೈಟ್ ಹತ್ತಬೇಕಾ ಗುರೂ, ನಮ್ಮಲ್ಲಿಲ್ವಾ ಅಂತ. ಇದೆ, ಸೂಳೆಕೆರೆ ಇದೆ, ಇನ್ನೂ ಬೇಕಾದಷ್ಟಿದೆ. ಧರ್ಮಾಂಬುಧಿ ಕೆರೆನೂ ಇತ್ತು, ಅದರ ಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಕಟ್ಟಿದೀವಿ. ಸಂಪಂಗಿ ಕೆರೇಲಿ ಕಂಠೀರವ ಸ್ಟೇಡಿಯಂ. ಅನುರಾಧಪುರದಲ್ಲಿ ಊರ ಮಧ್ಯೆ ತಿಸ್ಸ ಕೆರೆ ಇನ್ನೂ ತುಂಬಿರತ್ತೆ, ಸಾಯಂಕಾಲ ಜನ ಸೋಪು ಟವಲ್ಲು ತಗೊಂಡು ಸ್ನಾನಕ್ಕೆ ಬರ್ತಾರೆ. ಹೊಟ್ಟೆ ಉರಿಯಲ್ವಾ ಹೇಳಿ.

ಹೋಗೋರಿಗೆ: ಆನೆ ಬೇಕಿದ್ರೆ ಆಗಸ್ಟ್ ಸೆಪ್ಟೆಂಬರ್, ತುಂಬಿದ ಕೆರೆ ಬೇಕಿದ್ರೆ ಹಿಂಗಾರು ಮಳೆ ಮುಗಿದ ಮೇಲೆ, ಜನವರಿ ಹೊತ್ತಿಗೆ. ದಂಬುಳ್ಳ ಅಥವಾ ಹಬರಣದಲ್ಲಿ ರೂಮು ಮಾಡಿದ್ರೆ ಎಲ್ಲಾ ಹತ್ರ. ಸಿಗಿರಿಯ ಪೊಲೊನ್ನರುವದಲ್ಲಿ ನಮ್ಮಂಥ ಸಾರ್ಕ್ ದೇಶದವರಿಗೆ ಟಿಕೆಟ್ ಕಮ್ಮಿ, ಪಾಸ್‌ಪೋರ್ಟ್ ಜೊತೇಲಿಟ್ಕೊಳಿ. ಡ್ರೈವರ್‌ಗೆ ಮೊದಲೇ ಹೇಳಿ, ಹೈವೇ ಬಿಟ್ಟು ಏರಿ ರಸ್ತೇಲಿ ಹೋಗೋಣ ಅಂತ, ಅವರಿಗೆ ಟೈಮು ಉಳಿಸೋದೇ ಅಭ್ಯಾಸ. ದಾರೀಲಿ ಮಡಕೇಲಿ ಎಮ್ಮೆ ಮೊಸರು ಮಾರ್ತಿರ್ತಾರೆ, ಬೈನೆ ಮರದ ಪಾಕ ಸುರ್ಕೊಂಡು ತಿನ್ನೋದು. ಕಾಲಾವೆವದ ಏರಿಗೆ ಟಿಕೆಟ್ ಗಿಕೆಟ್ ಏನಿಲ್ಲ.