ಖಳನಿಗೂ ಸರದಿ ಕೊಡಿ

ಹಾಸನ, ಚಿಕ್ಕಮಗಳೂರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ದಾಳ ಹಾಕಿ ಕಥೆ ಕಟ್ಟೋ ಆಟ ಆಡಿಸೋ ಡಿಎಂಗಳಿಗೆ (ಕಥೆ ಹೇಳಿ ಖಳನ ಪಾತ್ರ ನಡೆಸೋರಿಗೆ) ಒಂದು ಮಾತು. ವಾರಗಟ್ಟಲೆ ಕಥೆ ಕಟ್ಟಿ ತಂದು ನಿಲ್ಲಿಸಿದ ಖಳ ಎರಡೇ ಸುತ್ತಿಗೆ ಸತ್ತುಬೀಳ್ತಾನೆ. ಮುಂದಿನ ಸಲ ಅವನ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೀತಾನೆ ಅನ್ನೋ ಲೆಕ್ಕ) 400 ಮಾಡ್ತೀರಿ, ಆಗ ಕಾದಾಟ ಎಳೆದೂ ಎಳೆದೂ ಎಲ್ಲರೂ ಫೋನ್ ನೋಡ್ತಾ ಕೂರ್ತಾರೆ. ಎರಡಕ್ಕೂ ಕಾರಣ ಒಂದೇ: ಆಟಗಾರರಿಗೆ ಸುತ್ತಿಗೆ ನಾಲ್ಕು ಸರದಿ, ಖಳನಿಗೆ ಒಂದು.

ಐದನೇ ಆವೃತ್ತಿಯ 2014ರ ನಿಯಮದ ಪ್ರಕಾರ ಲೆಕ್ಕ ಹಾಕೋಣ. 5ನೇ ಲೆವೆಲ್ಲಿನ ಫೈಟರ್ (ಕಾದಾಳು), ರೋಗ್ (ಕಳ್ಳ), ವಿಝಾರ್ಡ್ (ಮಂತ್ರವಾದಿ), ಕ್ಲೆರಿಕ್ (ಪೂಜಾರಿ) ಸೇರಿದರೆ ಸುತ್ತಿಗೆ ಸುಮಾರು 45 ಡ್ಯಾಮೇಜ್. ನಾಲ್ಕು ಸುತ್ತು ನಿಲ್ಲೋಕೆ 180 ಹಿಟ್ ಪಾಯಿಂಟ್ ಸಾಕು. ಎಸಿ, ಅಂದರೆ ಏಟು ತಾಗೋಕೆ ದಾಳ ಮುಟ್ಟಬೇಕಾದ ಅಂಕಿ, 16 ಇಡಿ. +7 ಇರೋ ಫೈಟರ್‌ಗೆ 20 ಮುಖದ ದಾಳದಲ್ಲಿ 9 ಅಥವಾ ಹೆಚ್ಚು ಬಿದ್ದರೆ ಏಟು ತಾಗುತ್ತೆ, ನೂರಕ್ಕೆ 60 ಸಲ. ಎಸಿ 20 ಮಾಡಿದ್ರೆ ಅದು 40ಕ್ಕೆ ಇಳಿಯುತ್ತೆ. ಖಳ ಬಲಶಾಲಿ ಅನ್ನಿಸೋದಿಲ್ಲ, ತಮ್ಮ ಸರದಿ ದಂಡ ಆಯ್ತು ಅನ್ನಿಸುತ್ತೆ.

ಖಳನ ಡ್ಯಾಮೇಜ್ ಸುತ್ತಿಗೆ 50ರಷ್ಟಿರಲಿ. ಆದರೆ ಒಂದೇ ಹೊಡೆತದಲ್ಲಿ ಬೇಡ. ವಿಝಾರ್ಡ್ ಹತ್ತಿರ ಇರೋದೇ 32 ಹಿಟ್ ಪಾಯಿಂಟಿನ ಆಸುಪಾಸು. ಮೊದಲ ಸುತ್ತಿಗೇ ಮಲಗಿದರೆ ಆ ಪಾತ್ರ ಆಡೋ ಹುಡುಗಿ ಉಳಿದ ಹೊತ್ತೆಲ್ಲ ನೋಡ್ತಾ ಕೂರಬೇಕು. ಸ್ವಂತ ಸರದಿಯಲ್ಲಿ 13ರ ಎರಡು ಏಟು, ಉಳಿದದ್ದು ಮೂರು ಲೆಜೆಂಡರಿ ಆಕ್ಷನ್ನಿಗೆ (ದೊಡ್ಡ ಖಳನಿಗೆ ಸಿಗೋ ಹೆಚ್ಚುವರಿ ನಡೆಗೆ) 8ರಂತೆ. ಇವು ಬೇರೆಯವರ ಸರದಿ ಮುಗಿದ ತಕ್ಷಣ ಒಂದೊಂದಾಗಿ ಬರುತ್ತವೆ. ಖಳ ಎಲ್ಲ ಕಡೆಯೂ ಇದ್ದಾನೆ ಅನ್ನೋ ಭಯ ಹುಟ್ಟೋದು ಇಲ್ಲೇ.

ಜಾಗ ನಮ್ಮೂರಿನದೇ ಇರಲಿ. ಸಕಲೇಶಪುರದ ಮಂಜರಾಬಾದ್ ಕೋಟೆಗಿಂತ ಒಳ್ಳೆ ನಕ್ಷೆ ಎಲ್ಲಿ ಸಿಗುತ್ತೆ? ಎಂಟು ಮೂಲೆಯ ನಕ್ಷತ್ರ, ನಡುವೆ ಕೂಡು ಚಿಹ್ನೆಯಾಕಾರದ ಕೊಳ, ಪಕ್ಕದಲ್ಲಿ ತಣ್ಣನೆ ನೆಲಮಾಳಿಗೆ. ಸರದಿ ಕ್ರಮದಲ್ಲಿ (ಇನಿಶಿಯೇಟಿವ್) 20 ಬಂದಾಗ ಲೇರ್ ಆಕ್ಷನ್, ಅಂದರೆ ಖಳನ ಬೀಡೇ ಮಾಡೋ ನಡೆ: ಘಟ್ಟದ ಮಂಜು ಒಂದು ಮೂಲೆ ತುಂಬಿ ಒಳಗಿರೋರಿಗೆ ಏನೂ ಕಾಣಲ್ಲ. ಮುಂದಿನ ಸುತ್ತಿಗೆ ಬೇರೇನಾದರೂ ಆಗಲಿ, ಅದನ್ನೇ ಮತ್ತೆ ಮಾಡಬೇಡಿ. ಬಂಟರು ನಾಲ್ಕು ಜನ ಸಾಕು, ಒಬ್ಬೊಬ್ಬರಿಗೆ 11 ಹಿಟ್ ಪಾಯಿಂಟ್. ಫೈರ್‌ಬಾಲ್ ಅನ್ನೋ ಬೆಂಕಿ ಮಂತ್ರಕ್ಕೆ 20 ಅಡಿ ತ್ರಿಜ್ಯ, ಡ್ಯಾಮೇಜ್ ಸರಾಸರಿ 28, ದಾಳ ಹಾಕಿ ತಡೆಯೋ ಸೇವ್ ಆದರೂ 14. ಒಟ್ಟಿಗೆ ನಿಂತರೆ ಒಂದೇ ಮಂತ್ರಕ್ಕೆ ಎಲ್ಲರೂ ಬೂದಿ. ಬೇರೆ ಬೇರೆ ಮೂಲೆಯಲ್ಲಿ, ನಡುವೆ 40 ಅಡಿಗಿಂತ ಹೆಚ್ಚು ಬಿಟ್ಟು ನಿಲ್ಲಿಸಿ.

ಇನ್ನು ಲೆಜೆಂಡರಿ ರೆಸಿಸ್ಟೆನ್ಸ್, ಅಂದರೆ ತಪ್ಪಿದ ಸೇವನ್ನ ಖಳ ಗೆದ್ದ ಹಾಗೆ ಮಾಡ್ಕೊಳ್ಳೋ ಶಕ್ತಿ. ಇದಿಲ್ಲದೆ ಖಳನನ್ನ ಇಳಿಸಿದರೆ ಹೋಲ್ಡ್ ಪರ್ಸನ್‌ಗೆ ಸೇವ್ ಒಂದು ತಪ್ಪಿದ್ರೆ ಮುಗೀತು: ಮಂತ್ರಕ್ಕೆ ಸಿಕ್ಕಿ ಅಲ್ಲಾಡದೆ ನಿಂತುಬಿಡ್ತಾನೆ, ಹತ್ತಿರದಿಂದ ತಾಗಿದ ಏಟೆಲ್ಲ ಕ್ರಿಟಿಕಲ್, ಅಂದರೆ ಡ್ಯಾಮೇಜಿನ ದಾಳ ಎರಡರಷ್ಟು. ಮೂರು ಕೊಡಿ. ಆದರೆ "ಸೇವ್ ಆಯ್ತು" ಅಂತ ಬರೀ ಬಾಯಲ್ಲಿ ಹೇಳಿದ್ರೆ ಆಟಗಾರರಿಗೆ ಮೋಸ ಹೋದ ಹಾಗಾಗುತ್ತೆ. ಹಿರಣ್ಯಕಶಿಪುವಿನ ವರ ನೆನಪು ಮಾಡ್ಕೊಳ್ಳಿ: ಒಳಗೂ ಅಲ್ಲ, ಹೊರಗೂ ಅಲ್ಲ, ಹಗಲೂ ಅಲ್ಲ, ಇರುಳೂ ಅಲ್ಲ. ಅಷ್ಟು ಗಟ್ಟಿ ವರಕ್ಕೂ ಹೊಸಿಲು ಮತ್ತು ಮುಸ್ಸಂಜೆಯ ಸಂದು ಇತ್ತು. ಖಳನ ವರವನ್ನ ಕೋಟೆಯ ಮೂರು ದೀಪಕ್ಕೆ ಕಟ್ಟಿ. ಒಂದು ಸಲ ಬಳಸಿದ್ರೆ ಎಲ್ಲರ ಕಣ್ಣೆದುರೇ ಒಂದು ದೀಪ ಆರಲಿ. ದೀಪದ ಗುಟ್ಟನ್ನ ಊರಲ್ಲಿ ಮೊದಲೇ ಕೇಳಿ ತಿಳಿದವರು ತಮ್ಮ ಆಕ್ಷನ್ ಕೊಟ್ಟು ತಾವೇ ಆರಿಸಬಹುದು. ಆಗ ರೋಗ್‌ಗೂ ಒಂದು ಕೆಲಸ ಸಿಗುತ್ತೆ.

ಹಿಟ್ ಪಾಯಿಂಟನ್ನ ಪರದೆ ಹಿಂದೆ ಗುಟ್ಟಾಗಿ ಏರಿಸೋದು ಮಾತ್ರ ಬೇಡವೇ ಬೇಡ, ಅದು ನಂಬಿ ಕೂತವರಿಗೆ ಮಾಡೋ ದ್ರೋಹ. 90ಕ್ಕೆ ಇಳಿದಾಗ ಖಳ ಏನು ಮಾಡ್ತಾನೆ ಅಂತ ಆಟಕ್ಕೆ ಮೊದಲೇ ಚೀಟಿಯಲ್ಲಿ ಬರೆದಿಡಿ: ಕತ್ತಿ ಬಿಸಾಕಿ ನೆಲಮಾಳಿಗೆಗೆ ಇಳೀತಾನೆ, ಎಸಿ 14 ಆಗುತ್ತೆ, ಸ್ವಂತ ಸರದಿಗೆ ಎರಡರ ಬದಲು ಮೂರು ಏಟು.